ಟವಲಿನ ಕೆಳಗೊಂದು ರೂಮು

ಕೌಂಟರಿನ ಹಿಂದಿನ ಗೋಡೆಗೆ ಒಂದು ಮರದ ಹಲಗೆ ಹೊಡೆದಿದ್ದರು. ಎರಡು ಸಾಲು ಮೊಳೆ, ಮೊಳೆಗೊಂದು ನಂಬರು, ನಂಬರಿಗೊಂದು ಬೀಗದ ಕೈ. ಹದಿನಾಲ್ಕು ಮೊಳೆಗಳಲ್ಲಿ ಹತ್ತಕ್ಕೆ ಕೀ ನೇತಾಡುತ್ತಿತ್ತು. ಕೆಲಸವಿಲ್ಲದೆ ಎಣಿಸಿದ್ದೇನಲ್ಲ. ನನ್ನ ಕೈಲಿದ್ದ ಮೊಬೈಲು ಅದೇ ಲಾಡ್ಜಿನ ಫೋಟೊ ಹಾಕಿಕೊಂಡು ‘ಒಂದೇ ರೂಮು ಬಾಕಿ! ಈಗ ಹದಿನೇಳು ಜನ ನೋಡುತ್ತಿದ್ದಾರೆ’ ಎಂದು ಕೆಂಪಕ್ಷರದಲ್ಲಿ ಅವಸರ ಮಾಡುತ್ತಿತ್ತು. ಆ ಹದಿನೇಳು ಜನ ಎಲ್ಲಿ ಕೂತು ನೋಡುತ್ತಿದ್ದರೋ ಕಾಣೆ. ಕೌಂಟರಿನ ಮುಂದೆ ನಾನೊಬ್ಬನೇ ಇದ್ದೆ, ಬಾಗಿಲ ಹತ್ತಿರ ಒಂದು ನಾಯಿ ಮಲಗಿತ್ತು.

ನಂಜನಗೂಡು, ಆಷಾಢದ ಒಂದು ಮಂಗಳವಾರ. ದಾವಣಗೆರೆಯ ನನ್ನ ಸೋದರತ್ತೆ ಮೊಮ್ಮಗನಿಗೆ ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದರು. ನಂಜುಂಡನಿಗೆ ಸೋಮವಾರ ಶ್ರೇಷ್ಠ ಅನ್ನುವುದು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಗನಿಗೆ ಕಂಪನಿಯಲ್ಲಿ ರಜೆ ಸಿಕ್ಕಿದ್ದು ಬುಧವಾರ. ನಾಲ್ಕು ರೂಮು ಬೇಕಿತ್ತು. ‘ಮೈಸೂರಲ್ಲೇ ಇದ್ದೀಯಲ್ಲೋ, ಪಕ್ಕದೂರು, ನೋಡಿ ಇಡು’ ಎಂದಿದ್ದರು. ಇಪ್ಪತ್ತೈದು ಕಿಲೋಮೀಟರು ಸ್ಕೂಟರ್ ಓಡಿಸುವ ಬದಲು ಮನೆಯಲ್ಲೇ ಕೂತು ಎರಡು ದಿನ ಆ್ಯಪ್‌ಗಳನ್ನು ತಡಕಿದೆ. ಕಡೆಗೆ ಸ್ಕೂಟರನ್ನೇ ತೆಗೆದೆ.

‘ಒಂದೇ ಉಳಿದಿರೋದಂತಲ್ಲ?’ ಎಂದು ಮ್ಯಾನೇಜರಿಗೆ ಫೋನು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

‘ಸರಿಯಾಗೇ ಹಾಕವ್ರಲ್ಲ ಸಾರ್. ಅವ್ರಿಗೆ ನಾವು ಕೊಟ್ಟಿರೋದೇ ಮೂರು ರೂಮು ಕನಾ. ಎರಡು ಹೋಗವೆ, ಒಂದದೆ. ಸುಳ್ಳೇನಿಲ್ವಲ್ಲ.’

ನಿಜಕ್ಕೂ ಸುಳ್ಳೇನಿರಲಿಲ್ಲ. ಹಲಗೆಯ ಮೇಲಿನ ಹತ್ತೂ ನಿಜ, ಪರದೆಯ ಮೇಲಿನ ಒಂದೂ ನಿಜ. ಲಾಡ್ಜಿನವರು ತಮ್ಮ ರೂಮುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದಿಲ್ಲ. ಈ ಆ್ಯಪಿಗೆ ಮೂರು, ಆ ಆ್ಯಪಿಗೆ ಎರಡು, ಪ್ರತಿ ತಿಂಗಳೂ ಬರುವ ಕಂಪನಿ ರೆಪ್‌ಗಳಿಗೆ ಎರಡು, ಮಿಕ್ಕಿದ್ದು ಬಾಗಿಲಿಗೆ ಬಂದವರಿಗೆ. ಬೆರಳಲ್ಲಿ ಪರದೆ ಉಜ್ಜುವವನಿಗೆ ತನ್ನ ಪಾಲಿನ ಮೂರರ ಲೆಕ್ಕ ಮಾತ್ರ ಕಾಣುತ್ತದೆ. ಈ ಒಂದು ಗುಟ್ಟು ತಿಳಿದರೆ ಅರ್ಧ ಅವಸರ ಇಳಿದುಹೋಗುತ್ತದೆ.

ದರದ ವಿಚಾರಕ್ಕೆ ಬಂದೆ. ಫೋನಿನಲ್ಲಿ 3,499 ಎಂದು ಬರೆದು ಅದರ ಮೇಲೆ ಗೀಟು ಹಾಕಿ, ಕೆಳಗೆ ದಪ್ಪಕ್ಕೆ 1,399 ಎಂದು ಕೊಟ್ಟಿತ್ತು. ಮುಂದೊತ್ತಿದರೆ ‘ತೆರಿಗೆ ಮತ್ತು ಶುಲ್ಕ’ ಸೇರಿ 1,563. ಇನ್ನೂ ಮುಂದೊತ್ತಿದರೆ ನಾನು ಕೇಳದೆಯೇ ಟಿಕ್ ಆಗಿದ್ದ ಪ್ರಯಾಣ ವಿಮೆ 49, ಯಾವುದೋ ಧರ್ಮಕಾರ್ಯಕ್ಕೆ 10. ಒಟ್ಟು 1,622. ಮ್ಯಾನೇಜರನ್ನು ಕೇಳಿದೆ, ‘ಈ 3,499ಕ್ಕೆ ಯಾವತ್ತಾದ್ರೂ ಕೊಟ್ಟಿದ್ದೀರಾ?’ ಅವರು ಇಡೀ ದೇಹ ಕುಲುಕುವಂತೆ ನಕ್ಕರು. ‘ದೊಡ್ಡ ಜಾತ್ರೇಲೂ ಇಲ್ಲ ಸಾರ್. ನೀವು ನಾಕು ರೂಮು ತಗಳೋದಾದ್ರೆ ಒಂದಕ್ಕೆ ಸಾವ್ರದ ನೂರು ಮಾಡ್ಕೊಡ್ತೀನಿ. ಬಿಸಿನೀರು ಆರರಿಂದ ಒಂಬತ್ತು.’

ಹೀಗೆ ನಾನು ಎರಡು ದಿನ ತಡಕಾಡಿ ಸಿಗದ ರಿಯಾಯಿತಿ ಎರಡು ನಿಮಿಷದ ಮಾತಿನಲ್ಲಿ ಸಿಕ್ಕಿತು. ಆದರೆ ಇದನ್ನೇ ಹಿಡಿದು ಆ್ಯಪುಗಳೆಲ್ಲ ಮೋಸ, ಹಳೆಯದೇ ಚೆಂದ ಎಂದು ಬರೆದರೆ ಅದು ಅರ್ಧ ಕತೆಯಾದೀತು. ಮ್ಯಾನೇಜರು ನನಗೆ ಉಪಕಾರವನ್ನೇನೂ ಮಾಡಿರಲಿಲ್ಲ. ಆ್ಯಪುಗಳು ಲಾಡ್ಜಿನಿಂದ ಹಿಡಿಯುವ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು. 1,399ರಲ್ಲಿ ಇಪ್ಪತ್ತರಂತೆ ಕಳೆದರೆ ಅವರ ಕೈಗೆ ಬರುವುದು 1,119. ಅದೂ ಬ್ಯಾಂಕಿಗೆ ಕೆಲವು ದಿನ ಬಿಟ್ಟು. ರೂಮಿಗೆ 1,100ರಂತೆ ನಾನಿಟ್ಟ ದುಡ್ಡು ಆಗಲೇ ಡ್ರಾಯರಿನಲ್ಲಿತ್ತು. ದಲ್ಲಾಳಿಯ ಪಾಲು ನನಗೆ ಉಳಿಯಿತು, ಕೈಮೇಲಿನ ನಗದು ಅವರಿಗೆ, ಅಷ್ಟೇ.

ದಲ್ಲಾಳಿ ಎಂದಾಗ ಮುಡುಕುತೊರೆ ನೆನಪಾಗದೆ ಇರುವುದಿಲ್ಲ. ಟಿ. ನರಸೀಪುರ ತಾಲ್ಲೂಕು, ತಲಕಾಡಿನ ಹತ್ತಿರದ ಗುಡ್ಡ. ಮೇಲೆ ಮಲ್ಲಿಕಾರ್ಜುನ, ಕೆಳಗೆ ಕಾವೇರಿ, ಜಾತ್ರೆಯ ಕಾಲಕ್ಕೆ ಬಯಲ ತುಂಬ ದನ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಅಲ್ಲಿಗೆ ಹೋಗಿದ್ದೆ. ಹೋರಿ ಜೋಡಿಯ ಹಲ್ಲು ನೋಡಿ, ಸುಳಿ ನೋಡಿ, ಬಾಲ ಎತ್ತಿ ನೋಡಿ ಆದಮೇಲೆ ಕೊಳ್ಳುವವನೂ ಮಾರುವವನೂ ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಮೇಲೊಂದು ಟವಲು ಬೀಳುತ್ತಿತ್ತು. ಟವಲಿನ ಕೆಳಗೆ ಬೆರಳು ಹಿಡಿದು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒಂದು ಬೆರಳೆಂದರೆ ನೂರೋ ಸಾವಿರವೋ ಅವರವರಿಗೇ ಗೊತ್ತು. ಸುತ್ತ ನಿಂತ ಹತ್ತಾರು ಜನಕ್ಕೆ ಟವಲು ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಇಬ್ಬರ ಮುಖದಲ್ಲೂ ಏನೂ ತೋರುತ್ತಿರಲಿಲ್ಲ. ‘ಯಾಕಜ್ಜ ಮುಚ್ಕೊಳ್ಳೋದು?’ ಎಂದು ಕೇಳಿದ್ದಕ್ಕೆ ಅಜ್ಜ, ‘ಈ ಜೋಡಿ ಎಷ್ಟಕ್ಕೆ ಹೋಯ್ತು ಅಂತ ಗೊತ್ತಾದ್ರೆ ಪಕ್ಕದ ಜೋಡಿ ಕೇಳೋನು ಬಾಯಿ ಬಿಡ್ತಾನೇನ್ಲಾ?’ ಎಂದಿದ್ದರು.

ಅಮೆರಿಕದ ಜೇ ವಾಕರ್ ಎಂಬಾತ 1998ರಲ್ಲಿ ಪ್ರೈಸ್‌ಲೈನ್ ಎಂಬ ಬುಕಿಂಗ್ ಜಾಲತಾಣ ಶುರುಮಾಡಿದಾಗ ಕಂಡುಕೊಂಡದ್ದು ಹೆಚ್ಚುಕಡಿಮೆ ಈ ಟವಲನ್ನೇ. ‘ನಿಮ್ಮ ದರ ನೀವೇ ಹೇಳಿ’ ಎನ್ನುವುದು ಅದರ ಘೋಷಣೆ. ಆ ವರ್ಷದ ಆಗಸ್ಟ್‌ನಲ್ಲಿ ಆ ವಿಧಾನಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ನಮ್ಮ ಮುಡುಕುತೊರೆಯ ದಲ್ಲಾಳಿಗಳಿಗೆ ಪೇಟೆಂಟ್ ಕಚೇರಿಯ ದಾರಿ ಗೊತ್ತಿರಲಿಲ್ಲ, ಪಾಪ. ಪ್ರೈಸ್‌ಲೈನಿನಲ್ಲಿ ನಡೆಯುತ್ತಿದ್ದುದು ಹೀಗೆ: ಊರಿನ ಯಾವ ಭಾಗದಲ್ಲಿ ಬೇಕು, ಎಷ್ಟು ನಕ್ಷತ್ರದ ಹೋಟೆಲು ಬೇಕು, ಎಷ್ಟು ಕೊಡುತ್ತೀರಿ ಎಂದು ಬರೆದು ಕ್ರೆಡಿಟ್ ಕಾರ್ಡ್ ಸಂಖ್ಯೆಯನ್ನೂ ಮೊದಲೇ ಒಪ್ಪಿಸಬೇಕು. ಯಾವ ಹೋಟೆಲು ಎನ್ನುವುದನ್ನು ಹೇಳುವುದಿಲ್ಲ. ಯಾರಾದರೂ ನಿಮ್ಮ ದರಕ್ಕೆ ಒಪ್ಪಿದರೆ ಆ ಕ್ಷಣವೇ ಕಾರ್ಡಿನಿಂದ ದುಡ್ಡು ಹೋಗುತ್ತದೆ, ಆಮೇಲೆ ಹೋಟೆಲಿನ ಹೆಸರು ಗೊತ್ತಾಗುತ್ತದೆ. ಬೇಡವೆಂದರೆ ದುಡ್ಡು ವಾಪಸಿಲ್ಲ. ಒಪ್ಪದಿದ್ದರೆ ಒಂದು ದಿನ ಕಾಯಬೇಕು, ಇಲ್ಲವೇ ಬಡಾವಣೆಯನ್ನೋ ನಕ್ಷತ್ರವನ್ನೋ ಬದಲಿಸಿ ಮತ್ತೆ ಕೂಗಬೇಕು.

ನನ್ನ ಷಡ್ಡಕ ಆಗ ಅಮೆರಿಕದಲ್ಲಿದ್ದ. 2008ರಲ್ಲಿ ಷಿಕಾಗೋದಲ್ಲಿ ಅಲ್ಲಿನ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ನಡೆದಾಗ ಅವನೂ ಗೆಳೆಯರೂ ರೂಮು ಹಿಡಿದದ್ದು ಹೀಗೆಯೇ. ಅವನು ಹೇಳಿದ ಉಪಾಯ ಕೇಳಿದರೆ ನಮ್ಮ ಹಳ್ಳಿಯ ಯಾವ ವ್ಯಾಪಾರಿಯೂ ತಲೆದೂಗುತ್ತಾನೆ. ಮೊದಲ ಕೂಗು ಬಿದ್ದುಹೋದರೆ ಒಂದು ದಿನ ಕಾಯಬೇಕಲ್ಲ? ಕಾಯದೆ ಮತ್ತೆ ಕೂಗಲು ಇನ್ನೊಂದು ಬಡಾವಣೆ ಸೇರಿಸಬೇಕು. ಹಾಗಾದರೆ ನಾಲ್ಕು ನಕ್ಷತ್ರದ ಹೋಟೆಲೇ ಇಲ್ಲದ ಬಡಾವಣೆಯನ್ನು ಹುಡುಕಿ ಸೇರಿಸಿದರಾಯಿತು. ಅಲ್ಲಿ ನಾಲ್ಕು ನಕ್ಷತ್ರದ ಹೋಟೆಲು ಸಿಗುವ ಅಪಾಯವೇ ಇಲ್ಲ, ಇನ್ನೊಮ್ಮೆ ಕೂಗುವ ಹಕ್ಕು ಮಾತ್ರ ಸಿಗುತ್ತದೆ. ಐದೈದು ಡಾಲರ್ ಏರಿಸುತ್ತ ಬೆಳಗಿನ ಜಾವದವರೆಗೆ ಕೂಗಿ, ಪೇಟೆಯ ನಡುವಿನ ದೊಡ್ಡ ಹೋಟೆಲನ್ನು ಬೋರ್ಡಿನ ದರದ ಅರ್ಧಕ್ಕೆ ಹಿಡಿದನಂತೆ. ರೂಮು ಪುಕ್ಕಟೆ ಸಿಕ್ಕಿದ್ದರೂ ಅವನಿಗೆ ಅಷ್ಟು ಖುಷಿಯಾಗುತ್ತಿತ್ತೋ ಇಲ್ಲವೋ. ಇಷ್ಟು ವರ್ಷವಾದರೂ ಸಮ್ಮೇಳನದಲ್ಲಿ ಯಾರು ಹಾಡಿದರು ಎನ್ನುವುದಕ್ಕಿಂತ ಆ ರಾತ್ರಿಯ ಹರಾಜೇ ಅವನ ಬಾಯಲ್ಲಿ.

ಹೋಟೆಲಿನವನು ಯಾಕೆ ಒಪ್ಪುತ್ತಾನೆ? ಖಾಲಿ ರೂಮು ಬೆಳಗಾದರೆ ಸತ್ತುಹೋಗುವ ಸರಕು. ನಂಜನಗೂಡಿನ ರಸಬಾಳೆಯ ಸಿಪ್ಪೆ ಕಪ್ಪಾದಷ್ಟೂ ಒಳಗಿನ ಹಣ್ಣಿಗೆ ರುಚಿ ಬರುತ್ತದೆ, ಬಲ್ಲವರು ಅಂಥದನ್ನೇ ಆರಿಸುತ್ತಾರೆ. ರೂಮಿಗೆ ಆ ಭಾಗ್ಯವಿಲ್ಲ. ಮಂಗಳವಾರ ರಾತ್ರಿ ಮಾರದ ರೂಮನ್ನು ಬುಧವಾರಕ್ಕೆ ಎತ್ತಿಡಲಾಗದು. ಆದರೆ ಅರ್ಧ ದರಕ್ಕೆ ಕೊಡುತ್ತೇವೆಂದು ಬೋರ್ಡು ಹಾಕಿದರೆ ಪೂರ್ತಿ ದರ ಕೊಡುವವನೂ ಅರ್ಧಕ್ಕೇ ನಿಲ್ಲುತ್ತಾನೆ. ಅದಕ್ಕೇ ಟವಲು. ಹೆಸರು ಮುಚ್ಚಿಟ್ಟು, ಒಬ್ಬೊಬ್ಬರಿಗೆ ಒಂದೊಂದು ದರ.

ಈ ಕೂಗಾಟದ ಪದ್ಧತಿ ನಮ್ಮ ದೇಶದಲ್ಲಿ ನೆಲೆಯೂರಲಿಲ್ಲ. ಹರಾಜು ನಮಗೇನು ಹೊಸತಲ್ಲ. ನರಸೀಪುರದಲ್ಲಿರುವ ಸರ್ಕಾರಿ ರೇಷ್ಮೆ ನಿಗಮದ (ಕೆಎಸ್‌ಐಸಿ) ಕಾರ್ಖಾನೆ ನೂಲು ತೆಗೆಯುವ ರೇಷ್ಮೆಗೂಡು ಹರಾಜಿನ ಮಾರುಕಟ್ಟೆಯಿಂದಲೇ ಬರಬೇಕು, ರಾಮನಗರದಲ್ಲಿ ಈಗ ಅದೂ ಇ-ಹರಾಜು. ಆದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗುವವನು ಹೆಸರು ಗೊತ್ತಿಲ್ಲದ ಹೋಟೆಲಿಗೆ ಮೊದಲೇ ದುಡ್ಡು ಕಟ್ಟುವುದುಂಟೆ? ಬಾತ್‌ರೂಮು ನೋಡದೆ ಅಡ್ವಾನ್ಸ್ ಕೊಡುವ ಜಾಯಮಾನ ನಮ್ಮದಲ್ಲ. ಅಮೆರಿಕದಲ್ಲೂ ಆ ಕಾಲ ಮುಗಿಯಿತು. ಪ್ರೈಸ್‌ಲೈನಿನವರು 2005ರಲ್ಲಿ ಡಚ್ಚರ ಬುಕಿಂಗ್ ಡಾಟ್ ಕಾಮ್ ಅನ್ನು, 2007ರಲ್ಲಿ ಅಗೋಡಾವನ್ನು ಕೊಂಡರು. 2016ರಲ್ಲಿ ವಿಮಾನ ಟಿಕೆಟ್ಟಿನ ಕೂಗಾಟ ನಿಲ್ಲಿಸಿದರು, ಮುಂದೆ ಹೋಟೆಲಿನದ್ದೂ ತೆರೆಮರೆಗೆ ಸರಿಯಿತು. 2018ರಲ್ಲಿ ಇಡೀ ಕಂಪನಿಯ ಹೆಸರೇ ಬುಕಿಂಗ್ ಹೋಲ್ಡಿಂಗ್ಸ್ ಆಯಿತು. ತಂದುಕೊಂಡ ಸೊಸೆ ಅತ್ತೆಯ ಮನೆಯ ಹೆಸರನ್ನೇ ಬದಲಿಸಿದ ಹಾಗೆ.

ಇಲ್ಲಿ 2000ದಲ್ಲಿ ಶುರುವಾದ ಮೇಕ್‌ಮೈಟ್ರಿಪ್ ಆಮೇಲೆ ಗೋಇಬಿಬೊವನ್ನು ಸೇರಿಸಿಕೊಂಡಿತು. 2013ರಲ್ಲಿ ಬಂದ ಓಯೊ ಸಣ್ಣ ಊರಿನ ಲಾಡ್ಜುಗಳ ಮೇಲೂ ಕೆಂಪು ಬೋರ್ಡು ಏರಿಸಿತು. ಸಣ್ಣ ಊರಿನ ತಂಗುದಾಣಗಳನ್ನೇ ನೆಚ್ಚಿಕೊಂಡಿದ್ದ ಸ್ಟೇಜಿಲ್ಲಾ 2017ರ ಫೆಬ್ರುವರಿಯಲ್ಲಿ ಬಾಗಿಲೆಳೆಯಿತು. ಹೋಟೆಲು ಒಕ್ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಇಬಿಬೊಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆ ದೂರಿನಲ್ಲಿದ್ದ ಒಂದು ಅಂಶ ನಮ್ಮಂಥ ಗಿರಾಕಿಗಳಿಗೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಪುಟದಲ್ಲಿರುವುದಕ್ಕಿಂತ ಕಡಿಮೆ ದರವನ್ನು ಬೇರೆ ಆ್ಯಪಿನಲ್ಲಾಗಲಿ ನಿಮ್ಮದೇ ಜಾಲತಾಣದಲ್ಲಾಗಲಿ ಹಾಕಕೂಡದು ಎಂದು ಹೋಟೆಲುಗಳ ಕೈಯಲ್ಲಿ ಬರೆಸಿಕೊಳ್ಳುತ್ತಿದ್ದರು. ಅಂಥ ಕರಾರುಗಳನ್ನು ತಿದ್ದಿ ಎಂದು ಆಯೋಗ ಹೇಳಿತು. ಪುಟದ ಮೇಲೆ ದರಗಳೆಲ್ಲ ಒಂದೇ ತರಹ ಕಾಣುತ್ತಿದ್ದುದೂ, ಕೌಂಟರಿನಲ್ಲಿ ಪಿಸುಮಾತಿನಲ್ಲಿ ಬೇರೆ ದರ ಹುಟ್ಟುತ್ತಿದ್ದುದೂ ಇದೇ ಕಾರಣಕ್ಕೆ. ಟವಲು ಇಲ್ಲೂ ಇತ್ತು.

ಕೌಂಟರು ಅಗ್ಗವಾಗುವುದಕ್ಕೆ ತೆರಿಗೆಯ ಕಡೆಯಿಂದಲೂ ಒಂದು ಕಾರಣವಿದೆ. ಸಾವಿರ ರೂಪಾಯಿಯೊಳಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ 12 ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ಶೇ 5ಕ್ಕೆ ಇಳಿಯಿತು. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ನಡೆಸುವ ಪುಟ್ಟ ಲಾಡ್ಜು ಜಿಎಸ್‌ಟಿಗೆ ನೋಂದಾಯಿಸಲೇಬೇಕೆಂದಿಲ್ಲ. ಅದರ ಕೌಂಟರಿನಲ್ಲಿ ತೆರಿಗೆಯ ಮಾತೇ ಬರುವುದಿಲ್ಲ. ಅದೇ ಲಾಡ್ಜಿನ ಅದೇ ರೂಮು ಆ್ಯಪಿನ ಮೂಲಕ ಹೋದರೆ ಆ್ಯಪಿನವರೇ ತೆರಿಗೆ ಕಟ್ಟಬೇಕು, ಅಂದರೆ ನಿಮ್ಮಿಂದ ವಸೂಲಿ. ಇದರಲ್ಲಿ ಕಳ್ಳತನವೇನಿಲ್ಲ, ಕಾನೂನೇ ಹಾಗಿದೆ.

ಇಷ್ಟೆಲ್ಲ ಬಲ್ಲ ನಾನು ಒಮ್ಮೆ ಮುಗ್ಗರಿಸಿದ್ದೇನೆ. 2025ರ ಫೆಬ್ರುವರಿ 10ರಿಂದ 12ರವರೆಗೆ ಟಿ. ನರಸೀಪುರದಲ್ಲಿ ಕುಂಭಮೇಳ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರೂ ಕೂಡುವ ಜಾಗವೆಂದು ತ್ರಿವೇಣಿ ಸಂಗಮ. 1989ರಲ್ಲಿ ಶುರುವಾದ ಮೇಳ ಮೂರು ವರ್ಷಕ್ಕೊಮ್ಮೆ ನಡೆಯುವುದು ವಾಡಿಕೆ, ಕೊರೊನಾ ದೆಸೆಯಿಂದ ನಡುವೆ ತಪ್ಪಿ 2019ರ ನಂತರ ಬಂದದ್ದು ಇದೇ. ನಮ್ಮ ಅತ್ತೆಯವರಿಗೆ, ಅಂದರೆ ಹೆಂಡತಿಯ ತಾಯಿಗೆ, ಕೊನೆಯ ದಿನದ ಮಾಘ ಹುಣ್ಣಿಮೆಗೆ ನಸುಕಿನಲ್ಲೇ ಮುಳುಗು ಹಾಕಬೇಕು. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಪುಣ್ಯ ಇಲ್ಲಿ ಎಂಬ ನಂಬಿಕೆ. ಗುಂಜಾ ನರಸಿಂಹಸ್ವಾಮಿಗೆ ಆ ಹೆಸರು ಬಂದದ್ದೇ ಗುಲಗಂಜಿಯಿಂದ. ಹಿಂದಿನ ರಾತ್ರಿಯೇ ಅಲ್ಲಿರಬೇಕೆಂದು ಒಂದು ಆ್ಯಪಿನಲ್ಲಿ ಹುಡುಕಿದೆ. ‘ಸಂಗಮಕ್ಕೆ 1.2 ಕಿ.ಮೀ.’ ಎಂದು ಒಂದು ಸಿಕ್ಕಿತು. ಶೇಕಡ ಅರವತ್ತು ರಿಯಾಯಿತಿ, ರದ್ದು ಮಾಡಿದರೆ ಹಣ ವಾಪಸಿಲ್ಲ. ಮೇಳದ ಸಮಯದಲ್ಲಿ ಇಷ್ಟು ಅಗ್ಗವೇ ಎಂದು ಒಂದು ಗಳಿಗೆ ಅನುಮಾನಪಟ್ಟು, ಮರುಗಳಿಗೆ ನನ್ನ ಜಾಣತನಕ್ಕೆ ನಾನೇ ಮೆಚ್ಚಿ ದುಡ್ಡು ಕಟ್ಟಿದೆ.

ಆ ಸಂಗಮ ಶ್ರೀರಂಗಪಟ್ಟಣದ ಸಂಗಮ. ಕಾವೇರಿಯ ಎರಡು ಕವಲು ಮತ್ತೆ ಕೂಡುವ ಜಾಗ. ನರಸೀಪುರದಿಂದ ಸುಮಾರು ನಲವತ್ತು ಕಿಲೋಮೀಟರು. ಅದು ತಿಳಿದದ್ದು ಸಂಜೆ ಏಳಕ್ಕೆ, ಬ್ಯಾಗು ಹಿಡಿದು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮ್ಯಾಪ್ ತೆರೆದಾಗ. ಸಹಾಯವಾಣಿಯ ಹೆಣ್ಣುದನಿ ಬಹಳ ಮರ್ಯಾದೆಯಿಂದ, ‘ಸರ್, ಸಂಗಮ ಅಂತಲೇ ಇದೆಯಲ್ಲ’ ಎಂದಿತು. ಆ ರಾತ್ರಿ ಕಳೆದದ್ದು ಕುರಿಗೆ ಹೆಸರಾದ ಬನ್ನೂರಿನಲ್ಲಿ, ಹೆಂಡತಿಯ ದೂರದ ನೆಂಟರ ಮನೆಯ ಹಜಾರದಲ್ಲಿ. ಅವರು ಚಾಪೆಯ ಜೊತೆಗೆ ಒತ್ತುಶಾವಿಗೆಯನ್ನೂ ಕೊಟ್ಟರು. ಅತ್ತೆಯವರು ಇವತ್ತಿಗೂ ಅದನ್ನು ಆಡಿ ತೋರಿಸಿಲ್ಲ. ‘ಬನ್ನೂರಿನವರು ಎಷ್ಟು ಒಳ್ಳೆಯವರು’ ಎಂದಷ್ಟೇ ಆಗಾಗ ಅನ್ನುತ್ತಾರೆ. ಅದು ನನಗೆ ತಾಗಬೇಕಾದ ಕಡೆ ತಾಗುತ್ತದೆ.

ತಪ್ಪು ನನ್ನದೇ. ನರಸೀಪುರದಂಥ ಊರಿನಲ್ಲಿ ಲಾಡ್ಜುಗಳೇ ಬೆರಳೆಣಿಕೆ. ಅಗಸ್ತ್ಯೇಶ್ವರನಿಗೋ ನರಸಿಂಹನಿಗೋ ಕೈಮುಗಿದು, ಸೋಮನಾಥಪುರ ನೋಡಿಕೊಂಡು ಜನ ರಾತ್ರಿಗೆ ಮೈಸೂರಿಗೆ ಮರಳುತ್ತಾರೆ. ಅಲ್ಲಿನ ಹದಿಮೂರನೇ ಶತಮಾನದ ಕೇಶವ ದೇವಾಲಯ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಮೇಲೂ ಬರುವವರು ಹೆಚ್ಚಿನಂಶ ಹಗಲಿನ ಗಿರಾಕಿಗಳೇ. ಇಂಥ ಕಡೆ ಆ್ಯಪು ತನ್ನ ಪುಟ ಖಾಲಿ ಬಿಡಲಾರದೆ ಸುತ್ತಮುತ್ತಲ ಊರುಗಳನ್ನೆಲ್ಲ ತಂದು ಸುರಿಯುತ್ತದೆ. ದೂರವನ್ನು ಅದು ಹೇಳುವುದು ಹಕ್ಕಿ ಹಾರುವ ಲೆಕ್ಕದಲ್ಲಿ. ನಡುವೆ ಹೊಳೆ ಅಡ್ಡ ಬಂದರೆ ಸೇತುವೆ ಎಲ್ಲಿದೆಯೆಂದು ನಾವೇ ನೋಡಿಕೊಳ್ಳಬೇಕು. ತಲಕಾಡಿನ ಸುತ್ತ ಇದು ದೊಡ್ಡ ಪಜೀತಿ. 2009, 2013, 2020ರಲ್ಲಿ ಅಲ್ಲಿ ನಡೆದ ಪಂಚಲಿಂಗ ದರ್ಶನದಂಥ ಸಮಯದಲ್ಲಂತೂ ರಿಯಾಯಿತಿಯ ಮಾತೆತ್ತುವವನನ್ನು ಜನ ಅನುಕಂಪದಿಂದ ನೋಡುತ್ತಾರೆ.

ನಂಜನಗೂಡಿನ ದೊಡ್ಡ ಜಾತ್ರೆಯೂ ಹಾಗೆಯೇ. ಪಂಚ ರಥಗಳು ಹೊರಡುವ ಆ ದಿನಗಳಲ್ಲಿ ಮಾರುವ ರೂಮಿಗಿಂತ ಕೇಳುವ ಬಾಯಿ ಹತ್ತು ಪಟ್ಟು. ಮಠಗಳು, ಛತ್ರಗಳು, ಸಮುದಾಯ ಭವನಗಳು ಎಲ್ಲ ತುಂಬಿ ಜನ ಕಪಿಲೆಯ ದಂಡೆಯಲ್ಲೇ ಮಲಗುತ್ತಾರೆ. ಹುಣ್ಣಿಮೆ, ಶಿವರಾತ್ರಿ, ಕಾರ್ತಿಕ ಸೋಮವಾರಗಳಲ್ಲೂ ಅದೇ ಪಾಡು. ದಸರೆ ಬಂದರೆ ಮೈಸೂರಿನಲ್ಲಿ ಉಕ್ಕಿದ್ದು ಇಲ್ಲಿಗೆ ಹರಿಯುತ್ತದೆ. ಆದರೆ ಆಷಾಢದ ಮಂಗಳವಾರ, ಮಳೆಗಾಲದ ಗುರುವಾರ, ಪರೀಕ್ಷೆ ಶುರುವಾದ ವಾರ ಇವೆಲ್ಲ ಗಿರಾಕಿಯ ದಿನಗಳು. ಪಂಚಾಂಗ ನೋಡಲು ಬರುವವನಿಗೆ ಈ ಊರಿನಲ್ಲಿ ಕೂಪನ್ ಕೋಡು ಬೇಕಿಲ್ಲ.

ರಾತ್ರಿಯ ಒಂದು ಆಟ ಮಾತ್ರ ನಂಜನಗೂಡಿನ ಮೇಲೆ ಹಾದುಹೋಗುವ ಈ ದಾರಿಗೇ ವಿಶೇಷ. ಬಂಡೀಪುರದ ಕಾಡು ದಾಟುವ ಹೆದ್ದಾರಿಗಳು, ಕೇರಳಕ್ಕೆ ಹೋಗುವುದೂ ಊಟಿಗೆ ಹೋಗುವುದೂ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಬೆಂಗಳೂರಿನಿಂದ ತಡವಾಗಿ ಹೊರಟವರು ಮೈಸೂರು ದಾಟುವಾಗ ಗಡಿಯಾರ ನೋಡುತ್ತಾರೆ. ಗುಂಡ್ಲುಪೇಟೆ ದಾಟಿ ಗೇಟಿಗೆ ಒಂಬತ್ತರೊಳಗೆ ಮುಟ್ಟುವುದಿಲ್ಲವೆಂದು ಖಾತ್ರಿಯಾದ ಕ್ಷಣ ಹಿಂದಿನ ಸೀಟಿನಲ್ಲಿ ಯಾರೋ ಫೋನು ತೆಗೆದು ರೂಮು ಹುಡುಕುತ್ತಾರೆ. ಮ್ಯಾನೇಜರು ಹೇಳಿದ್ದು: ‘ಎಂಟೂವರೆ ಆದ್ರೆ ಸಾಕು ಸಾರ್, ಫೋನು ಟಿಂಗ್ ಟಿಂಗ್ ಅಂತದೆ. ಹತ್ತರ ಮೇಲೂ ರೂಮು ಉಳಿದ್ರೆ ನಾನೇ ರೇಟು ಇಳಿಸ್ಬುಡ್ತೀನಿ. ಎಂಟೂವರೆಗೆ ಬರೋನಿಗೆ ಭಯ, ಹತ್ತಕ್ಕೆ ನಂಗೆ ಭಯ.’ ಅವರ ಫೋನಿನಲ್ಲಿ ಲಾಡ್ಜಿನವರಿಗೆಂದೇ ಇರುವ ಪುಟ ತೋರಿಸಿದರು. ದಿನಾಂಕದ ಚೌಕಗಳು, ಚೌಕದಲ್ಲಿ ದರ, ಪಕ್ಕದಲ್ಲಿ ಎಷ್ಟು ರೂಮು ಬಿಟ್ಟಿದ್ದೇವೆಂಬ ಅಂಕಿ. ಹೆಬ್ಬೆರಳಿನಿಂದ ಒತ್ತಿ ಅವರು 1,399ನ್ನು 1,199 ಮಾಡಿದರು. ಅರೆನಿಮಿಷ ಬಿಟ್ಟು ನನ್ನ ಫೋನಿನಲ್ಲೂ ಇಳಿಯಿತು. ಅದರ ಮೇಲಿನ ಗೀಟು ಹಾಕಿದ 3,499 ಮಾತ್ರ ಕದಲಲಿಲ್ಲ. ‘ರಿಯಾಯಿತಿ’ ಶೇ 60 ಇದ್ದದ್ದು 65 ಆಯಿತು.

ಆ ಹೆಬ್ಬೆರಳನ್ನು ಕಂಡಮೇಲೆ ನನ್ನ ಬುಕಿಂಗ್ ಪದ್ಧತಿ ಬದಲಾಗಿದೆ. ಮೊದಲು ಆ್ಯಪಿನಲ್ಲಿ ನೋಡುತ್ತೇನೆ, ಅದು ಊರಿನಲ್ಲಿ ಏನೇನಿದೆ ಎಂದು ತೋರಿಸುವ ಒಳ್ಳೆಯ ಕನ್ನಡಿ. ಗಿರಾಕಿಗಳು ತೆಗೆದ ಫೋಟೊ ನೋಡುತ್ತೇನೆ, ಲಾಡ್ಜಿನವರು ತೆಗೆಸಿದ್ದನ್ನಲ್ಲ. ದುಡ್ಡು ಕಟ್ಟುವ ಕಟ್ಟಕಡೆಯ ಪುಟದವರೆಗೆ ಹೋಗಿ ಅಲ್ಲಿನ ಮೊತ್ತವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ. ಮೊದಲ ಪುಟದಲ್ಲಿ ಒಂದು ದರ ತೋರಿಸಿ ಕೊನೆಯಲ್ಲಿ ಉಬ್ಬಿಸುವುದು, ಕೇಳದ ವಿಮೆ ತುರುಕುವುದು, ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧಿಸಿದ ಹದಿಮೂರು ಕಪಟಗಳ ಪಟ್ಟಿಯಲ್ಲಿವೆ. ಪಟ್ಟಿ ಬಂದಿದೆ, ಕಪಟಗಳು ಹೋಗಿಲ್ಲ. ಆಮೇಲೆ ಲಾಡ್ಜಿಗೆ ಫೋನು ಮಾಡಿ ‘ಆ್ಯಪಿನಲ್ಲಿ ಇಷ್ಟಿದೆ, ನೇರ ಬಂದರೆ ಎಷ್ಟು?’ ಎಂದು ಕೇಳುತ್ತೇನೆ. ಒಂದೇ ಒಂದು ರೂಮು ಬೇಕಾಗಿದ್ದು, ಬ್ಯಾಂಕ್ ಕಾರ್ಡಿನ ಕೊಡುಗೆಯೂ ಸೇರಿದರೆ ಎಷ್ಟೋ ಸಲ ಆ್ಯಪೇ ಗೆಲ್ಲುತ್ತದೆ. ನಾಲ್ಕು ರೂಮಾದರೆ ಕೌಂಟರು. ಯಾತ್ರಾಸ್ಥಳಗಳ ಕೆಲವು ಕಡೆ ಒಬ್ಬಂಟಿಗೆ ರೂಮು ಕೊಡುವುದಿಲ್ಲ. ಇದು ಆ್ಯಪಿನಲ್ಲಿ ಬರೆದಿರುವುದಿಲ್ಲ, ಫೋನಿನಲ್ಲಿ ಗೊತ್ತಾಗುತ್ತದೆ.

ಫೋನು ಮಾಡುವ ನಂಬರಿನದೇ ಒಂದು ಭಯ. ಹುಡುಕಿದೊಡನೆ ಮೇಲೆ ಬಂದ ನಂಬರಿಗೆ ಕರೆ ಮಾಡಿ, ಇಲ್ಲದ ಅತಿಥಿಗೃಹಕ್ಕೆ ಅಡ್ವಾನ್ಸ್ ಕಳಿಸಿ ಕೆಟ್ಟವರಿದ್ದಾರೆ. ಸೋಮನಾಥದ ಅತಿಥಿಗೃಹ, ಚಾರ್‌ಧಾಮ್‌ನ ವಸತಿಗಳ ಹೆಸರಿನಲ್ಲಿ ನಕಲಿ ಜಾಲತಾಣಗಳಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ದುಡ್ಡು ಹೋದದ್ದು ತಿಳಿದ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ಹಾರುತ್ತದೆ. ನಾನಂತೂ ಉಳಿದುಕೊಂಡ ಕಡೆಯೆಲ್ಲ ಬಿಲ್ಲು ಕೇಳಿ ಪಡೆದು, ಅದರ ಮೇಲಿನ ನಂಬರನ್ನು ಊರಿನ ಹೆಸರಿನಲ್ಲಿ ಫೋನಿಗೆ ಹಾಕಿಕೊಳ್ಳುತ್ತೇನೆ.

ತುಲಾಭಾರ ಚೆನ್ನಾಗಿ ಆಯಿತು. ಹುಡುಗ ತಕ್ಕಡಿಯಲ್ಲಿ ಕೂತು ಎದುರು ತಟ್ಟೆಯ ಬೆಲ್ಲವನ್ನೇ ನೋಡುತ್ತಿದ್ದ. ರೂಮು ಖಾಲಿ ಮಾಡಿ ಕೀ ಕೊಡಲು ಹೋದಾಗ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. ಮಗಳಿಗೆ ಮುಂದಿನ ಭಾನುವಾರ ಹುಬ್ಬಳ್ಳಿಯಲ್ಲಿ ಒಂದು ಪರೀಕ್ಷೆಯಂತೆ, ಹೆಂಡತಿಯೂ ಜೊತೆಗೆ ಹೋಗುತ್ತಾರೆ, ಶನಿವಾರ ರಾತ್ರಿಗೆ ರೂಮು ಬೇಕು. ‘ನೀವು ಆ್ಯಪಲ್ಲಿ ಪಳಗಿದ್ದೀರಿ ಸಾರ್, ಕಮ್ಮೀಲಿ ಒಂದು ನೋಡ್ಕೊಡಿ.’ ಇಪ್ಪತ್ತು ವರ್ಷ ರೂಮು ಮಾರಿದವರು ಒಮ್ಮೆಯೂ ರೂಮು ಕೊಂಡಿರಲಿಲ್ಲ.

ಸ್ಟೇಷನ್ನಿನ ಹತ್ತಿರ ಒಂದು ಸಿಕ್ಕಿತು. 1,850. ಅವರು ಪರದೆಯನ್ನು ಮೇಲೆ ಕೆಳಗೆ ಮಾಡಿ ನೋಡಿ, ‘ಇದ್ರಲ್ಲಿ ಚೌಕಾಸಿ ಮಾಡೋದು ಎಲ್ಲಿ?’ ಎಂದರು. ‘ಅಲ್ಲಿಗೇ ಫೋನ್ ಮಾಡೋಣ, ಕೌಂಟರಿನಲ್ಲಿ ಕಡಿಮೆ ಕೊಡ್ತಾರೆ’ ಎಂದೆ, ಈಗಷ್ಟೇ ಕಲಿತ ಪಾಠವನ್ನು ಕಲಿಸಿದವರಿಗೇ ಒಪ್ಪಿಸುವ ಉತ್ಸಾಹದಲ್ಲಿ. ಸ್ಪೀಕರ್ ಹಾಕಿ ಡಯಲ್ ಮಾಡಿದೆ. ಚುರುಕಾದ ಹುಡುಗನ ದನಿ. ನೇರ ಬಂದರೆ 2,200 ಎಂದ. ಆ್ಯಪಿನಲ್ಲಿ 1,850 ಇದೆಯಲ್ಲ ಎಂದೆ.

‘ಹಂಗಾರ ಅದರಾಗ ಮಾಡ್ರಿ ಸರ. ನಮ್ಮ ಕೈಯಾಗ ಏನೂ ಇಲ್ರೀ, ರೇಟು ಸಿಸ್ಟಮ್ಮ ಹಾಕತೈತಿ.’

ಮ್ಯಾನೇಜರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. ‘ಅಪ್ಪಾ, ನಾನೂ ಲಾಡ್ಜಿನವನೇ ಕನಪ್ಪಾ, ನಂಜನಗೂಡಿಂದ ಮಾತಾಡ್ತಿರೋದು’ ಎಂದು ಶುರುಮಾಡಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅವರ ಎಡಗೈ ತಾನಾಗಿಯೇ ಹೆಗಲ ಮೇಲಿನ ಟವಲನ್ನು ಎಳೆದುಕೊಳ್ಳುತ್ತಿತ್ತು.